ಸ್ಯಾನ್ ಹೋಸೆಯಲ್ಲಿ ತಯಾರಾದ 1970ರ ಮಸ್ಟಾಂಗ್ ಮಾಕ್ 1: ಕಾರ್ಖಾನೆಯಿಂದ ಹೊರಬಂದಾಗ ಇದ್ದಂತೆಯೇ ಬಣ್ಣ ಬಳಿಯುವುದು ಹೇಗೆ?

ಮಿಲ್ಪಿಟಾಸ್ ಗ್ಯಾರೇಜ್:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1970ರ ಫೋರ್ಡ್ ಮಸ್ಟಾಂಗ್ ಮಾಕ್ 1 ಇದೆ. ಅದಕ್ಕೆ ಕಾರ್ಖಾನೆ ಕೊಟ್ಟ ಗುರುತಿನ ಸಂಖ್ಯೆ '0ಆರ್05ಎಂ' ಎಂದು ಆರಂಭವಾಗುತ್ತದೆ. ಸೊನ್ನೆ 1970ನೇ ಮಾದರಿ ವರ್ಷವನ್ನೂ, 'ಆರ್' ಸ್ಯಾನ್ ಹೋಸೆ ಕಾರ್ಖಾನೆಯನ್ನೂ, '05' ಮಾಕ್ 1 ದೇಹವನ್ನೂ, 'ಎಂ' ನಾಲ್ಕು ಬ್ಯಾರೆಲ್ ಕಾರ್ಬ್ಯುರೇಟರಿನ 351 ಘನ ಅಂಗುಲದ ಎಂಜಿನ್ನನ್ನೂ ಸೂಚಿಸುತ್ತವೆ. ಬಾಗಿಲಿನ ಅಂಚಿನಲ್ಲಿರುವ ಚೀಟಿಯಲ್ಲಿ ಬಣ್ಣದ ಸಂಕೇತ 'ಜೆ', ಅಂದರೆ ಗ್ರ್ಯಾಬರ್ ಬ್ಲೂ. ಆದರೆ ಯಾರೋ ಹಿಂದಿನ ಮಾಲೀಕರು ಇಡೀ ಕಾರಿಗೆ ಕೆಂಪು ಬಳಿಸಿ, ಅದರ ಮೇಲೆ ದಪ್ಪನೆಯ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಹೊಳಪು ಪದರ) ಹಾಕಿಸಿದ್ದಾರೆ.

ಈ ಕಾರು ಹುಟ್ಟಿದ ಜಾಗ ನನ್ನ ಮನೆಗೆ ತೀರ ಹತ್ತಿರದಲ್ಲಿದೆ. ಹೆಸರು ಸ್ಯಾನ್ ಹೋಸೆ ಎಂದಿದ್ದರೂ ಆ ಕಾರ್ಖಾನೆ ಇದ್ದದ್ದು ಮಿಲ್ಪಿಟಾಸ್‌ನಲ್ಲಿ. 1955ರಲ್ಲಿ ಆರಂಭವಾದ ಅದು 1983ರಲ್ಲಿ ಮುಚ್ಚಿತು, ಅದೇ ಕಟ್ಟಡ 1994ರಲ್ಲಿ ಗ್ರೇಟ್ ಮಾಲ್ ಆಯಿತು. ಈ ಭಾಗದ ಕನ್ನಡಿಗರಲ್ಲಿ ಹಬ್ಬದ ಬಟ್ಟೆಗೆಂದು ಅಲ್ಲಿಗೆ ಹೋಗದವರು ಕಡಿಮೆ. ತಾವು ನಡೆಯುತ್ತಿರುವ ನೆಲದ ಮೇಲೆ ಒಂದು ಕಾಲದಲ್ಲಿ ಮಸ್ಟಾಂಗ್‌ಗಳ ಸಾಲು ಸಾಗುತ್ತಿತ್ತೆಂದು ತಿಳಿದವರು ಅದಕ್ಕಿಂತಲೂ ಕಡಿಮೆ.

ಕಾರನ್ನು ಹೊಳೆಯುವ ಪ್ರದರ್ಶನದ ವಸ್ತುವಾಗಿಸುವ ಆಸೆ ನನಗಿಲ್ಲ. 1970ರಲ್ಲಿ ಅದು ಆ ಕಟ್ಟಡದ ಬಾಗಿಲು ದಾಟಿ ಬಂದಾಗ ಹೇಗಿತ್ತೋ ಹಾಗೆ ಕಾಣಬೇಕು ಎಂಬುದಷ್ಟೇ ನನ್ನ ಉದ್ದೇಶ. ಕಾರಿನ ಅಡಿಭಾಗ ಯಾವ ಬಣ್ಣದಲ್ಲಿರಬೇಕು, ಮೈಬಣ್ಣದ ಓವರ್‌ಸ್ಪ್ರೇ (ಗುರಿಯಾಚೆ ಹಾರಿ ಬೀಳುವ ತುಂತುರು) ಎಷ್ಟು ದೂರ ಒಳಕ್ಕೆ ಹೋಗಿರಬೇಕು, ಎಂಜಿನ್ ಕೋಣೆಯ ಕಪ್ಪಿಗೆ ಎಷ್ಟು ಹೊಳಪು ಇರಬೇಕು, ಸ್ಟೀರಿಂಗ್ ಮತ್ತು ಸಸ್ಪೆನ್ಷನ್ ಭಾಗಗಳ ಮೇಲಿನ ಬಣ್ಣದ ಚುಕ್ಕೆಗಳು ಎಲ್ಲೆಲ್ಲಿ ಬರಬೇಕು ಎಂಬುದು ನನ್ನ ಪ್ರಶ್ನೆ. ಅಡಿಭಾಗಕ್ಕೆ ರೆಡ್ ಆಕ್ಸೈಡ್ ಬಳಿದರೆ ಸಾಕೆಂದು ಒಬ್ಬ ಪೇಂಟರ್ ಹೇಳಿದರು. ಅದು ಸರಿಯೇ?

ರೂಜ್ ನದಿ:

ರೆಡ್ ಆಕ್ಸೈಡ್ ಎಂಬ ಉತ್ತರವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಮ್ಮ ಊರುಗಳಲ್ಲಿ ಹೊಸ ಗೇಟು ಮಾಡಿಸಿದ ಕೂಡಲೇ ಯೋಚಿಸದೆ ರೆಡ್ ಆಕ್ಸೈಡ್ ಬಳಿಯುವಂತೆ, ಇಲ್ಲಿಯೂ ಅನೇಕರು ಮಸ್ಟಾಂಗ್ ಎಂದ ಕೂಡಲೇ ಅಡಿಭಾಗಕ್ಕೆ ಅದನ್ನೇ ಬಳಿಯುತ್ತಾರೆ. 1970ರ ಮಸ್ಟಾಂಗ್‌ಗಳು ಮೂರು ಕಡೆ ತಯಾರಾಗುತ್ತಿದ್ದವು: ಮಿಷಿಗನ್ನಿನ ಡಿಯರ್‌ಬಾರ್ನ್, ನ್ಯೂಜರ್ಸಿಯ ಮೆಟುಚೆನ್ ಮತ್ತು ನಿಮ್ಮ ಸ್ಯಾನ್ ಹೋಸೆ. ನಕ್ಷೆ ಒಂದೇ, ಬಿಡಿಭಾಗಗಳೂ ಬಹುಪಾಲು ಒಂದೇ, ಆದರೆ ಪೇಂಟ್ ವಿಭಾಗದ ರೂಢಿಗಳು ಬೇರೆ ಬೇರೆ. ಕಣ್ಣಿಗೆ ಬೀಳದ ಭಾಗಗಳಿಗೆ ಯಾವ ಬಣ್ಣ ಎಂಬುದು ಗ್ರಾಹಕನಿಗೆ ಮುಖ್ಯವಲ್ಲ. ಆದ್ದರಿಂದ ಉಳಿದುಹೋದ ಬಣ್ಣಗಳನ್ನು ಬೆರೆಸಿ ಅಡಿಭಾಗಕ್ಕೆ ಹೊಡೆಯುವ ಪದ್ಧತಿ ಇತ್ತು. ಇದನ್ನು ಬಲ್ಲವರು 'ಬ್ಯಾಚ್ ಪೇಂಟ್' ಎಂದೂ, ಸ್ವಲ್ಪ ತಮಾಷೆಯಾಗಿ 'ಸ್ಲಾಪ್ ಗ್ರೇ' ಎಂದೂ ಕರೆಯುತ್ತಾರೆ. ಆ ಮಿಶ್ರಣ ಬೂದು, ಹಸಿರು ಛಾಯೆಯ ಬೂದು, ಕಂದು, ಹೀಗೆ ತೊಟ್ಟಿಯಲ್ಲಿ ಏನಿತ್ತೋ ಅದನ್ನು ಅವಲಂಬಿಸಿ ಬದಲಾಗುತ್ತಿತ್ತು. ಹಾಗಾಗಿ ಪುಸ್ತಕ ನೋಡಿ ಅಡಿಭಾಗದ ಬಣ್ಣ ನಿರ್ಧರಿಸುವುದೆಂದರೆ ಬೇರೆಯವರ ಕಾರನ್ನು ನಿಮ್ಮ ಕಾರಿನ ಅಡಿಗೆ ಅಂಟಿಸಿದಂತೆ.

ಇಡೀ ವಿಷಯದ ತಿರುಳು ಇದು ಎಂದು ನಾನು ಭಾವಿಸುತ್ತೇನೆ: ಕಾರ್ಖಾನೆಯ ಬಣ್ಣವೆಂದರೆ ಯಾರೋ ವಿನ್ಯಾಸ ಮಾಡಿದ ಅಲಂಕಾರವಲ್ಲ, ಕೆಲಸ ನಡೆದ ಕ್ರಮದ ಗುರುತು. ಬೆಸುಗೆಯಾದ ದೇಹಕ್ಕೆ ಮೊದಲು ಪ್ರೈಮರ್ ಬೀಳುತ್ತದೆ, ಕೀಲುಗಳಿಗೆ ಸಂದು ಮುಚ್ಚುವ ಸೀಮ್ ಸೀಲರ್ ಬೀಳುತ್ತದೆ, ಚಕ್ರದ ಗೂಡುಗಳಿಗೆ ಶಬ್ದ ತಡೆಯುವ ಡಾಂಬರಿನಂಥ ಲೇಪ ಬೀಳುತ್ತದೆ, ಆಮೇಲೆ ಮೈಬಣ್ಣ, ಬೇಯಿಸುವ ಒಲೆ, ಅಲ್ಲಲ್ಲಿ ಕಪ್ಪು, ಕೊನೆಗೆ ಗಾಜು, ಆಸನ, ಎಂಜಿನ್. ಯಾವ ಭಾಗ ಯಾವ ಹಂತದಲ್ಲಿ ದೇಹಕ್ಕೆ ಸೇರಿತು ಎಂಬುದು ತಿಳಿದರೆ, ಅದರ ಮೇಲೆ ಯಾವ ಬಣ್ಣ ಬಿದ್ದಿರಬೇಕು, ಯಾವುದು ಬಿದ್ದಿರಲು ಸಾಧ್ಯವಿಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ. ಒಂದು ಬೋಲ್ಟು ನೀಲಿಯಾಗಿರಬೇಕೋ ರಾಸಾಯನಿಕ ಲೇಪವಾದ ಕಪ್ಪು ಫಾಸ್ಫೇಟ್‌ನಲ್ಲಿಯೇ ಇರಬೇಕೋ ಎಂಬ ಪ್ರಶ್ನೆಗೆ ಉತ್ತರ ಬೋಲ್ಟಿನಲ್ಲಿಲ್ಲ, ಅದನ್ನು ಬಿಗಿದ ವೇಳೆಯಲ್ಲಿದೆ.

ಆದ್ದರಿಂದ ಸದ್ಯಕ್ಕೆ ಏನನ್ನೂ ಕೆರೆಯಬೇಡಿ. ಮರಳು ಹೊಡೆಸುವುದಂತೂ ಬೇಡವೇ ಬೇಡ. ಕೆಂಪು ಬಳಿದವರು ತಲುಪದ ಜಾಗಗಳನ್ನು ಹುಡುಕಿ: ಬಾಗಿಲ ಹೊಸ್ತಿಲಿನ ಲೋಹದ ಪಟ್ಟಿಯ ಕೆಳಗೆ, ಕಾರ್ಪೆಟ್ಟಿನ ಅಡಿಯಲ್ಲಿ, ಸೀಟ್ ಬೆಲ್ಟಿನ ಬೋಲ್ಟಿನ ಸುತ್ತ, ಹಿಂದಿನ ಆಸನದ ಹಿಂಬದಿಯಲ್ಲಿ, ಇಂಧನ ಟ್ಯಾಂಕ್ ಇಳಿಸಿದಾಗ ಅದರ ಮೇಲ್ಗಡೆಯ ಲೋಹದಲ್ಲಿ, ಹಿಂದೀಪಗಳ ನಡುವಿನ ಜೇನುಗೂಡು ಫಲಕದ ಹಿಂದೆ. ಪ್ರತಿಯೊಂದನ್ನೂ ಬಿಚ್ಚುವ ಮೊದಲು, ಬಿಚ್ಚಿದ ಮೇಲೆ ಚಿತ್ರ ತೆಗೆಯಿರಿ. ಚಿತ್ರದೊಳಗೆ ಒಂದು ಅಳತೆಪಟ್ಟಿಯೂ ಒಂದು ಬಣ್ಣದ ಮಾನಕ ಕಾರ್ಡೂ ಇರಲಿ. ಆಮೇಲೆ ಒಂದು ಚಿಕ್ಕ ಜಾಗದಲ್ಲಿ ನುಣ್ಣನೆಯ ನೀರು ಕಾಗದದಿಂದ ನಿಧಾನವಾಗಿ ಉಜ್ಜುತ್ತಾ ಹೋದರೆ ಪದರಗಳು ಒಂದರ ಸುತ್ತ ಒಂದು ಉಂಗುರವಾಗಿ ತೆರೆದುಕೊಳ್ಳುತ್ತವೆ. ಒಳಗಿನಿಂದ ಹೊರಕ್ಕೆ ಉಂಗುರಗಳನ್ನು ಓದಿದರೆ ಕೆಲಸದ ಕ್ರಮ ಸಿಗುತ್ತದೆ.

ಮಾರ್ಟಿ ವರದಿ ತರಿಸಿಕೊಳ್ಳುವುದೂ ಒಳ್ಳೆಯದು. 1967ರಿಂದೀಚಿನ ಫೋರ್ಡ್ ಕಾರುಗಳ ಉತ್ಪಾದನಾ ದಾಖಲೆಯ ಆಧಾರದ ಮೇಲೆ ಅದನ್ನು ಕೊಡುತ್ತಾರೆ. ಬಣ್ಣ, ಕಾರ್ಖಾನೆ, ದಿನಾಂಕ, ಆಯ್ಕೆಗಳು ಅದರಲ್ಲಿರುತ್ತವೆ. ಆದರೆ ಸ್ಪ್ರೇ ಗನ್ ಹಿಡಿದವನ ಕೈ ಯಾವ ಕೋನದಲ್ಲಿತ್ತು ಎಂಬುದು ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ಅದು ಲೋಹದ ಮೇಲೆ ಮಾತ್ರ ಇದೆ.

ನಾರ್ವುಡ್ 69:

ನಾನು ಫೋರ್ಡ್ ಬಳಗದವನಲ್ಲ, 1969ರ ಕ್ಯಾಮರೊ ಇಟ್ಟುಕೊಂಡವನು. ಆದರೂ 'ಕೆಲಸದ ಕ್ರಮ' ಎಂಬ ಮೇಲಿನ ಮಾತಿಗೆ ನನ್ನ ಕಡೆಯಿಂದ ಒಂದು ಪುರಾವೆ ಕೊಡುತ್ತೇನೆ, ಏಕೆಂದರೆ ಕಂಪನಿ ಬದಲಾದರೆ ಉತ್ತರ ಪೂರ್ತಿ ಬದಲಾಗುತ್ತದೆ.

1969ರ ಕ್ಯಾಮರೊಗಳು ಒಹಾಯೊದ ನಾರ್ವುಡ್‌ನಲ್ಲಿಯೂ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿಯೂ ತಯಾರಾದವು. ದೇಹದ ಗೂಡನ್ನು ಕಟ್ಟಿ ಬಣ್ಣ ಬಳಿಯುತ್ತಿದ್ದದ್ದು ಫಿಷರ್ ಬಾಡಿ ವಿಭಾಗ. ಮುಂದಿನ ಫೆಂಡರ್‌ಗಳು, ಬಾನೆಟ್ ಮುಂತಾದವು ಷೆವ್ರೊಲೆ ಕಡೆಯಲ್ಲಿ ಬೇರೆಯಾಗಿ ಬಣ್ಣ ಪಡೆದು ಆಮೇಲೆ ಬಂದು ಸೇರುತ್ತಿದ್ದವು. ಇದರಿಂದ ಎರಡು ಸಂಗತಿಗಳು ಹುಟ್ಟುತ್ತವೆ. ಮೊದಲನೆಯದಾಗಿ, ಲೋಹದ ಚೂರಿರುವ ಮೆಟಾಲಿಕ್ ಬಣ್ಣಗಳಲ್ಲಿ ಫೆಂಡರಿಗೂ ಬಾಗಿಲಿಗೂ ತುಸು ಛಾಯಾ ವ್ಯತ್ಯಾಸವಿರುವುದು ಸಹಜ. ಎರಡನೆಯದಾಗಿ, ಬಣ್ಣವಾದ ಮೇಲೆ ಫೆಂಡರ್ ಕೂಡಿಸಿದ್ದರಿಂದ ಅದನ್ನು ಹಿಡಿದಿರುವ ಬೋಲ್ಟುಗಳ ಮೇಲೆ ಮೈಬಣ್ಣ ಇರುವುದಿಲ್ಲ. ಈಗಿನ ಪೇಂಟರುಗಳು ಇಡೀ ಕಾರನ್ನು ಜೋಡಿಸಿ ಒಂದೇ ಸಲ ಬಣ್ಣ ಹೊಡೆದು, ಬೋಲ್ಟುಗಳಿಗೂ ಮೈಬಣ್ಣ ಬಳಿದು, ಅದನ್ನು ಅಚ್ಚುಕಟ್ಟು ಎಂದು ಕರೆಯುತ್ತಾರೆ. ಅಚ್ಚುಕಟ್ಟು ಹೌದು, ಕ್ಯಾಮರೊ ಅಲ್ಲ.

ಎಂಜಿನ್ನಿನದೂ ಇಂಥದೇ ಕಥೆ. ಷೆವ್ರೊಲೆ ಎಂಜಿನ್ನುಗಳಿಗೆ ಕಿತ್ತಳೆ ಬಣ್ಣ ಹೊಡೆಯುವ ಹೊತ್ತಿಗೆ ಎಂಜಿನ್ನಿನ ಹೊಗೆ ಹೊರಗೆ ಒಯ್ಯುವ ಎಗ್ಸಾಸ್ಟ್ ಮ್ಯಾನಿಫೋಲ್ಡ್‌ಗಳು ಅದಾಗಲೇ ಕೂತಿರುತ್ತಿದ್ದವು. ಆದ್ದರಿಂದ ಹೊಸ ಕಾರಿನಲ್ಲಿ ಅವುಗಳ ಮೇಲೂ ಕಿತ್ತಳೆ ಬಿದ್ದಿರುತ್ತಿತ್ತು. ಕಾರು ಸ್ವಲ್ಪ ಓಡಿದ ಮೇಲೆ ಆ ಬಣ್ಣ ಸುಟ್ಟು ಉದುರಿಹೋಗುತ್ತಿತ್ತು. ಈಗ ಮರುನಿರ್ಮಾಣ ಮಾಡುವವನು ಯಾವ ಗಳಿಗೆಯನ್ನು ತೋರಿಸಬೇಕು? ಕಾರ್ಖಾನೆಯ ಬಾಗಿಲ ಗಳಿಗೆಯನ್ನೋ, ಡೀಲರನ ಅಂಗಳದ ಗಳಿಗೆಯನ್ನೋ? ನಾನು ಕಿತ್ತಳೆ ಬಿದ್ದ ಮ್ಯಾನಿಫೋಲ್ಡನ್ನೇ ಆರಿಸಿದೆ. ನೋಡಿದವರೆಲ್ಲ ಪೇಂಟರ್ ನಿರ್ಲಕ್ಷ್ಯ ಮಾಡಿದ್ದಾನೆ ಎಂದೇ ತಿಳಿಯುತ್ತಾರೆ.

ಬಣ್ಣದ ದ್ರವ್ಯವೂ ಬೇರೆ. ಆ ಕಾಲದಲ್ಲಿ ಜನರಲ್ ಮೋಟರ್ಸ್ ಬಳಸುತ್ತಿದ್ದದ್ದು ಅಕ್ರಿಲಿಕ್ ಲ್ಯಾಕರ್, ಫೋರ್ಡ್ ಮತ್ತು ಕ್ರೈಸ್ಲರ್ ಬಳಸುತ್ತಿದ್ದದ್ದು ಎನಾಮೆಲ್. ಲ್ಯಾಕರ್ ಗಟ್ಟಿಯಾಗುವುದು ದ್ರಾವಕ ಆವಿಯಾಗುವುದರಿಂದ ಮಾತ್ರ. ಅದನ್ನು ಮತ್ತೆ ಬಿಸಿ ಮಾಡಿದರೆ ಮೃದುವಾಗಿ ಹರಿದು ಉಜ್ಜಿದ ಗೆರೆಗಳು ಮುಚ್ಚಿಕೊಳ್ಳುತ್ತವೆ, ಕಾರ್ಖಾನೆಯಲ್ಲಿ ಈ ಗುಣವನ್ನೇ ಬಳಸಿಕೊಂಡು ಹೊಳಪು ತರಿಸುತ್ತಿದ್ದರು. ಎನಾಮೆಲ್ ಬೇಯುವಾಗ ಅದರ ಅಣುಗಳು ಪರಸ್ಪರ ಹೆಣೆದುಕೊಂಡು ಗಟ್ಟಿಯಾಗುತ್ತವೆ, ಗನ್ನಿನಿಂದ ಬಿದ್ದಂತೆಯೇ ಹೊಳಪು ಬರುತ್ತದೆ, ಜೊತೆಗೆ ಕಿತ್ತಳೆ ಸಿಪ್ಪೆಯಂಥ ನವಿರಾದ ಉಬ್ಬುತಗ್ಗು ಉಳಿಯುತ್ತದೆ. ನಿಮ್ಮ ಮಸ್ಟಾಂಗ್‌ಗೆ ಆ ಉಬ್ಬುತಗ್ಗು ಬೇಕು. ಕನ್ನಡಿಯಂತೆ ಉಜ್ಜಿಸಿದರೆ ಅದು 1970ರ ಫೋರ್ಡ್ ಆಗಿ ಕಾಣುವುದಿಲ್ಲ.

ಮಿಲ್ಪಿಟಾಸ್ ಗ್ಯಾರೇಜ್:

ಇಬ್ಬರಿಗೂ ಧನ್ಯವಾದ. ಹೇಳಿದಂತೆ ಒಳಭಾಗವನ್ನು ಬಿಚ್ಚಿದೆ, ಇಂಧನ ಟ್ಯಾಂಕನ್ನು ಇಳಿಸಿದೆ. ಟ್ಯಾಂಕಿನ ಮೇಲ್ಭಾಗದ ನೆಲದಲ್ಲಿ ಹಸಿರು ಮಿಶ್ರಿತ ಬೂದು ಬಣ್ಣ ಸ್ಪಷ್ಟವಾಗಿ ಕಾಣುತ್ತಿದೆ, ರೆಡ್ ಆಕ್ಸೈಡಿನ ಸುಳಿವೂ ಇಲ್ಲ. ಆ ಬೂದಿನ ಮೇಲೆ, ಹಿಂಬದಿಯ ಅಂಚಿನ ಹತ್ತಿರ, ಗ್ರ್ಯಾಬರ್ ಬ್ಲೂ ಮಂಜಿನಂತೆ ಬಿದ್ದು ಒಳಕ್ಕೆ ಹೋದಂತೆ ಕ್ರಮೇಣ ಮಾಯವಾಗುತ್ತದೆ. ಎಲ್ಲಿಯೂ ಗೆರೆ ಎಳೆದಂಥ ಅಂಚಿಲ್ಲ. ಹೊಸ್ತಿಲ ಪಟ್ಟಿಯ ಕೆಳಗೆ ನೀಲಿ ಇನ್ನೂ ಹೊಸದರಂತಿದೆ, ಆದರೆ ಬಾಗಿಲಿನ ಒಳಮೂಲೆಗಳಲ್ಲಿ ಅದು ಎಷ್ಟು ತೆಳುವಾಗಿದೆಯೆಂದರೆ ಕೆಳಗಿನ ಪ್ರೈಮರ್ ಇಣುಕುತ್ತದೆ.

ಎಂಜಿನ್ ಕೋಣೆಯಲ್ಲಿ ಗಾಜಿನ ಕೆಳಗಿನ ಕೌಲ್ ಅಂಚಿನ ಮೇಲೆ ಉಜ್ಜಿ ನೋಡಿದೆ. ಮೇಲಿನಿಂದ ಕೆಂಪು, ಅದರ ಕೆಳಗೆ ಕಪ್ಪಿನ ತುಂತುರು, ಅದರ ಕೆಳಗೆ ನೀಲಿ, ಅದರ ಕೆಳಗೆ ಪ್ರೈಮರ್. ಅಂದರೆ ನನ್ನ ಕಾರಿನಲ್ಲಿ ನೀಲಿ ಮೊದಲು ಬಂತು, ಕೋಣೆಯ ಕಪ್ಪು ಆಮೇಲೆ ಬಂತು ಎಂದು ಓದಬಹುದಲ್ಲವೇ? ಸೀಮ್ ಸೀಲರನ್ನು ಬೆರಳಿನಿಂದ ಒರೆಸಿದ ಗುರುತುಗಳೂ ನೀಲಿಯ ಕೆಳಗೆ ಹಾಗೆಯೇ ಇವೆ.

ರೂಜ್ ನದಿ:

ಹಾಗೆಯೇ ಓದಬೇಕು. ಆ ಬೆರಳಿನ ಗುರುತುಗಳನ್ನು ದಯವಿಟ್ಟು ಉಳಿಸಿಕೊಳ್ಳಿ. ಸೀಲರ್ ಬಿರುಕು ಬಿಟ್ಟಿದ್ದರೆ ಬಿರುಕಿರುವ ಜಾಗವನ್ನು ಮಾತ್ರ ತೆಗೆದು, ಹೊಸದನ್ನೂ ಅಷ್ಟೇ ಒರಟಾಗಿ ಹಚ್ಚಿ. ಒಳ್ಳೆಯ ಕೆಲಸಗಾರರಿಗೆ ಒರಟಾಗಿ ಹಚ್ಚುವುದೇ ಕಷ್ಟದ ಕೆಲಸ, ಅವರ ಪಕ್ಕದಲ್ಲಿ ನಿಂತು ಹಳೆಯ ಚಿತ್ರ ತೋರಿಸುತ್ತಿರಬೇಕಾಗುತ್ತದೆ.

ಹ್ಯಾಮ್‌ಟ್ರಾಮಕ್ ಹಾದಿ:

ಕ್ರೈಸ್ಲರ್ ಕಡೆಯಿಂದಲೂ ಒಂದು ಮಾತು ಸೇರಿಸದಿದ್ದರೆ ಚರ್ಚೆ ಅಪೂರ್ಣವಾಗುತ್ತದೆ. 1970ರ ಡಾಜ್ ಚಾಲೆಂಜರ್ ಮತ್ತು ಪ್ಲಿಮತ್ ಬ್ಯಾರಕುಡಾಗಳಲ್ಲಿ ಎಂಜಿನ್ ಕೋಣೆ ಕಪ್ಪಲ್ಲ, ಮೈಬಣ್ಣದ್ದೇ. ಬಾಗಿಲು, ಫೆಂಡರ್‌ಗಳನ್ನು ದೇಹಕ್ಕೆ ಕೂಡಿಸಿದ ಮೇಲೆ ಒಟ್ಟಿಗೆ ಬಣ್ಣ ಬಳಿಯುತ್ತಿದ್ದುದರಿಂದ ಬೋಲ್ಟುಗಳ ತಲೆಗಳೂ ಮೈಬಣ್ಣದಲ್ಲಿಯೇ ಇರುತ್ತವೆ. ಅಲ್ಲಿಗೇ ಮುಗಿಯಲಿಲ್ಲ. ಬಣ್ಣವಾದ ಮೇಲೆ ಸಂದುಗಳನ್ನು ಸರಿಹೊಂದಿಸಲು ಸ್ಪ್ಯಾನರ್ ಹಾಕಿ ತಿರುಗಿಸಿದ ಬೋಲ್ಟುಗಳ ಮೂಲೆಗಳಲ್ಲಿ ಬಣ್ಣ ಕಿತ್ತುಹೋಗಿರುತ್ತದೆ, ತಿರುಗಿಸದ ಬೋಲ್ಟುಗಳಲ್ಲಿ ಹಾಗೆಯೇ ಇರುತ್ತದೆ. ಹಾನಿಯಾಗದ ಹಳೆಯ ಕಾರೊಂದನ್ನು ನೋಡಿದರೆ ಯಾವ ಕೀಲನ್ನು ಆ ದಿನ ಸರಿಪಡಿಸಿದ್ದರು ಎಂಬುದನ್ನು ಇಂದಿಗೂ ಹೇಳಬಹುದು.

ಒಂದೇ ಬಣ್ಣಕ್ಕೆ ಎರಡು ಹೆಸರುಗಳಿದ್ದ ಕಾಲವೂ ಅದೇ. 'ಎಫ್‌ಸಿ7' ಎಂಬ ನೇರಳೆ ಡಾಜ್‌ನಲ್ಲಿ ಪ್ಲಮ್ ಕ್ರೇಜಿ, ಪ್ಲಿಮತ್‌ನಲ್ಲಿ ಇನ್-ವಯಲೆಟ್. 'ಎಫ್‌ಜೆ5' ಎಂಬ ಹಸಿರು ಅಲ್ಲಿ ಸಬ್‌ಲೈಮ್, ಇಲ್ಲಿ ಲೈಮ್‌ಲೈಟ್. 'ಇವಿ2' ಅಲ್ಲಿ ಹೆಮಿ ಆರೆಂಜ್, ಇಲ್ಲಿ ಟಾರ್-ರೆಡ್. ಆದ್ದರಿಂದ ಬಣ್ಣ ತರಿಸುವಾಗ ಹೆಸರಿನಿಂದ ಕೇಳಬೇಡಿ, ಫೆಂಡರ್ ಫಲಕದ ಮೇಲಿರುವ ಸಂಕೇತದಿಂದ ಕೇಳಿ. ಜನರಲ್ ಮೋಟರ್ಸ್‌ನಲ್ಲಿಯೂ ಹಾಗೆಯೇ ಇತ್ತು, ಕ್ಯಾಮರೊದ ಹಗ್ಗರ್ ಆರೆಂಜ್ ಮತ್ತು ಪಾಂಟಿಯಾಕ್ ಜಿಟಿಒ ಜಡ್ಜ್‌ನ ಕ್ಯಾರೊಸೆಲ್ ರೆಡ್ ಎರಡೂ ಒಂದೇ ಬಣ್ಣ.

ಇನ್ನು ಚುಕ್ಕೆಗಳ ವಿಷಯ. ಸ್ಪ್ರಿಂಗಿನ ಮೇಲೆ, ಪ್ರೊಪೆಲ್ಲರ್ ಶಾಫ್ಟಿನ ಮೇಲೆ, ಸ್ಟೀರಿಂಗ್ ಕೊಂಡಿಗಳ ಮೇಲೆ ಬಣ್ಣದ ಪಟ್ಟಿ, ಚುಕ್ಕೆಗಳಿರುವುದು ನಿಜ. ಅವುಗಳಿಗೆ ಎರಡು ಉಪಯೋಗಗಳಿದ್ದವು. ನೋಡಲು ಒಂದೇ ಥರ ಇದ್ದು ಗಡಸುತನದಲ್ಲಿಯೋ ಉದ್ದದಲ್ಲಿಯೋ ಬೇರೆಯಾದ ಭಾಗಗಳನ್ನು ದೂರದಿಂದಲೇ ಗುರುತಿಸಲು ಪಟ್ಟಿಗಳು, ಬೋಲ್ಟನ್ನು ಬಿಗಿದು ಪರೀಕ್ಷಿಸಿದ್ದೇನೆಂದು ಹೇಳಲು ಚುಕ್ಕೆಗಳು. ಈಗ ಪ್ರದರ್ಶನಗಳಿಗೆ ಹೋದರೆ ಕಾರಿನ ಅಡಿಯಲ್ಲಿ ಹೋಳಿ ಆಡಿದ್ದಾರೇನೋ ಎನ್ನುವಷ್ಟು ಚುಕ್ಕೆಗಳು. ಅವೂ ಪೆನ್ಸಿಲಿನಲ್ಲಿ ಅಳತೆ ಹಾಕಿದಂತೆ ದುಂಡಗೆ. ಸಾಲು ಓಡುತ್ತಿರುವಾಗ ಕುಂಚವನ್ನೋ ಬಣ್ಣದ ಕಡ್ಡಿಯನ್ನೋ ತಾಗಿಸಿ ಮುಂದಿನ ಕಾರಿಗೆ ತಿರುಗುವವನು ದುಂಡಗೆ ಬರೆಯುವುದಿಲ್ಲ. ನಿಮ್ಮ ಕಾರಿನಲ್ಲಿ ಗ್ರೀಸಿನ ಪದರದ ಕೆಳಗೆ ಸಿಕ್ಕಿದ ಗುರುತುಗಳನ್ನು ಮಾತ್ರ ಮತ್ತೆ ಹಾಕಿ, ಸಿಗದಿದ್ದರೆ ಬಿಟ್ಟುಬಿಡಿ. ಗ್ರೀಸನ್ನು ಒತ್ತಡದ ನೀರಿನಿಂದ ಹಾರಿಸುವ ಬದಲು ಸೀಮೆಎಣ್ಣೆಯಂಥ ಸೌಮ್ಯ ದ್ರಾವಕ ಮತ್ತು ಮೃದು ಬಟ್ಟೆಯಿಂದ ಬಿಡಿಸಿದರೆ ಮೇಣದ ಕಡ್ಡಿಯ ಬರಹ ಉಳಿಯುವ ಸಂಭವ ಹೆಚ್ಚು. ಆದರೂ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ.

ಎಡಿಸನ್ ಓದುಗ:

ನಾನಿರುವ ಎಡಿಸನ್ ಊರಿನಲ್ಲಿಯೇ ಮೆಟುಚೆನ್ ಕಾರ್ಖಾನೆ ಇತ್ತು, ಆ ಕುತೂಹಲದಿಂದ ಈ ಚರ್ಚೆಯನ್ನು ಓದುತ್ತಿದ್ದೇನೆ. ನನಗೊಂದು ಮೂಲಭೂತ ಆಕ್ಷೇಪವಿದೆ. ಕಾರ್ಖಾನೆಯವರು ಸಮಯ, ಹಣ ಉಳಿಸಲು ತೆಳ್ಳಗೆ ಬಳಿದರು, ಬಣ್ಣ ಸೋರಿದರೂ ಬಿಟ್ಟರು. ಅದನ್ನು ಈಗ ಅದಕ್ಕಿಂತ ಹೆಚ್ಚು ಸಮಯ, ಹೆಚ್ಚು ಹಣ ಕೊಟ್ಟು ನಕಲು ಮಾಡುವುದರಲ್ಲಿ ಏನು ಅರ್ಥ? ಮೂಲೆಯಲ್ಲಿ ಬಣ್ಣ ತೆಳುವಾಗಿದ್ದರೆ ಅಲ್ಲಿ ತುಕ್ಕು ಹಿಡಿಯುತ್ತದೆ. ನಾಳೆ ಯಾರಾದರೂ ತುಕ್ಕನ್ನೂ ಮೂಲದಂತೆಯೇ ಮಾಡಬೇಕು ಎಂದಾರು.

ನಾರ್ವುಡ್ 69:

ಆಕ್ಷೇಪ ನ್ಯಾಯವಾದದ್ದೇ. ಆದರೆ ಪದ್ಧತಿಗೂ ಆಕಸ್ಮಿಕಕ್ಕೂ ವ್ಯತ್ಯಾಸವಿದೆ. ಓವರ್‌ಸ್ಪ್ರೇ, ತೆಳುವಾದ ಮೂಲೆ, ಬಣ್ಣವಿಲ್ಲದ ಬೋಲ್ಟು ಇವು ಪ್ರತಿಯೊಂದು ಕಾರಿನಲ್ಲಿಯೂ ಬರುತ್ತಿದ್ದವು, ಏಕೆಂದರೆ ಅವು ಕೆಲಸದ ವಿಧಾನದಿಂದಲೇ ಹುಟ್ಟಿದವು. ಒಂದು ಫೆಂಡರಿನ ಮೇಲೆ ಬಣ್ಣ ಕಣ್ಣೀರಿನಂತೆ ಇಳಿದದ್ದು ಆ ಒಂದು ದಿನದ ಆಕಸ್ಮಿಕ. ಮೊದಲನೆಯದನ್ನು ಮರಳಿ ಮಾಡಬೇಕು, ಎರಡನೆಯದನ್ನು ಮಾಡಬಾರದು. ಬೇಕೆಂದು ಇಳಿಸಿದ ಬಣ್ಣ ಎಂದಿಗೂ ಸಹಜವಾಗಿ ಕಾಣುವುದಿಲ್ಲ.

ತೀರ್ಪುಗಾರರ ನಿಲುವೂ ಇದಕ್ಕೆ ಹತ್ತಿರದಲ್ಲಿದೆ. 1974ರಲ್ಲಿ ಆರಂಭವಾದ ಕಾರ್ವೆಟ್ ಮರುನಿರ್ಮಾಣಕಾರರ ರಾಷ್ಟ್ರೀಯ ಸಂಘದಲ್ಲಿ ಕಾರನ್ನು ಅಳೆಯುವುದು ಅದು ಎಷ್ಟು ಸುಂದರವಾಗಿದೆ ಎಂಬುದರಿಂದಲ್ಲ, ಕಾರ್ಖಾನೆಯ ಸಾಮಾನ್ಯ ಉತ್ಪಾದನೆಯನ್ನು ಎಷ್ಟು ಹೋಲುತ್ತದೆ ಎಂಬುದರಿಂದ. ಮೂಲಕ್ಕಿಂತ ಮೇಲಾದರೂ ಅಂಕ ಕಳೆಯುತ್ತಾರೆ. 1976ರಿಂದಿರುವ ಮಸ್ಟಾಂಗ್ ಕ್ಲಬ್ ಆಫ್ ಅಮೆರಿಕಾದ ಕಾನ್ಕೋರ್ಸ್ (ಮೂಲದಂತಿರುವ ಕಾರುಗಳ ಸ್ಪರ್ಧೆ) ವಿಭಾಗಗಳಲ್ಲಿಯೂ, ಪ್ರತಿ ನವೆಂಬರಿನಲ್ಲಿ ಷಿಕಾಗೊ ಬಳಿಯ ರೋಸ್‌ಮಾಂಟ್‌ನಲ್ಲಿ ನಡೆಯುವ ಮಸಲ್ ಕಾರ್ ಮತ್ತು ಕಾರ್ವೆಟ್ ಪ್ರದರ್ಶನದಲ್ಲಿಯೂ ಬಾನೆಟ್ಟಿನ ಹೊಳಪಿಗಿಂತ ಬೋಲ್ಟಿನ ಲೇಪದ ಬಗ್ಗೆ ಹೆಚ್ಚು ಮಾತು ನಡೆಯುತ್ತದೆ.

ಎಡಿಸನ್ ಓದುಗ:

ಪದ್ಧತಿ ಮತ್ತು ಆಕಸ್ಮಿಕ ಎಂಬ ವಿಂಗಡಣೆಯನ್ನು ಒಪ್ಪುತ್ತೇನೆ. ತುಕ್ಕಿನ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿಲ್ಲ.

ಗನ್ ಹಿಡಿದವನು:

ಅದಕ್ಕೆ ಉತ್ತರ ನಾನು ಕೊಡಬಲ್ಲೆ, ವೃತ್ತಿಯಿಂದ ನಾನು ಪೇಂಟರ್. ಕಣ್ಣಿಗೆ ಕಾಣುವ ಪದರ ಮಾತ್ರ 1970ರದ್ದಾಗಿರಬೇಕು, ಅದರ ಕೆಳಗಿನದು ಇಂದಿನದಾಗಿರಬಹುದು. ಲೋಹಕ್ಕೆ ಮೊದಲು ತುಕ್ಕು ತಡೆಯುವ ಒಳ್ಳೆಯ ಎಪಾಕ್ಸಿ ಪ್ರೈಮರ್ ಹಾಕಿ, ಅದರ ಮೇಲೆ ಮೂಲ ಪ್ರೈಮರಿನ ಬಣ್ಣದ ತೆಳು ಪದರ ಹಾಕಿ, ಅದರ ಮೇಲೆ ನೀಲಿಯನ್ನು ತೆಳ್ಳಗೆ ಹೊಡೆದರೆ ಮೂಲೆಯಲ್ಲಿ ಪ್ರೈಮರ್ ಇಣುಕುತ್ತದೆ, ಆದರೆ ಲೋಹ ಬೆತ್ತಲೆಯಾಗಿರುವುದಿಲ್ಲ. ಕಾರು ಮಳೆಯಲ್ಲಿ ಓಡುವುದಾದರೆ ಪೆಟ್ಟಿಗೆಯಂಥ ಟೊಳ್ಳು ಭಾಗಗಳ ಒಳಗೆ ಮೇಣದ ಲೇಪವನ್ನೂ ಹಾಕಿ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಮೈಬಣ್ಣ. ಗ್ರ್ಯಾಬರ್ ಬ್ಲೂ ಮೆಟಾಲಿಕ್ ಅಲ್ಲದ ಗಟ್ಟಿ ಬಣ್ಣ, ಇದು ನಿಮ್ಮ ಅದೃಷ್ಟ. ಕ್ಲಿಯರ್ ಕೋಟ್ ಇಲ್ಲದ ಏಕಪದರದ ಯೂರಿಥೇನ್ ಎಂಬ ಇಂದಿನ ಬಣ್ಣದಲ್ಲಿ ಅದನ್ನು ಹೊಡೆದರೆ ಹಳೆಯ ಎನಾಮೆಲಿನ ನೋಟಕ್ಕೆ ಬಹಳ ಹತ್ತಿರ ಬರುತ್ತದೆ. ಕ್ಲಿಯರ್ ಹಾಕಿದರೆ ಹೊಳಪು ಬಣ್ಣದ ಮೇಲೆ ಗಾಜಿನ ಹಲಗೆ ಇಟ್ಟಂತೆ ಪ್ರತ್ಯೇಕವಾಗಿ ನಿಲ್ಲುತ್ತದೆ, ಆ ಆಳವೇ 1970ರ ಕಾರಿಗೆ ಹೊಂದುವುದಿಲ್ಲ. ಕೊನೆಯ ಪದರವನ್ನು ತೀರ ಒದ್ದೆಯಾಗಿ ಹೊಡೆಯದೆ, ಸಮನಾದ ಕಿತ್ತಳೆ ಸಿಪ್ಪೆ ಬರುವಂತೆ ಗನ್ನಿನ ಗಾಳಿ ಮತ್ತು ದ್ರವದ ಪ್ರಮಾಣವನ್ನು ಒಂದು ಹಾಳು ಫಲಕದ ಮೇಲೆ ಹೊಂದಿಸಿಕೊಂಡು, ಆಮೇಲೆ ಉಜ್ಜದೆ ಬಿಡಬೇಕು. ಧೂಳಿನ ಕಣ ಬಿದ್ದಲ್ಲಿ ಮಾತ್ರ ಸರಿಪಡಿಸಿ.

ಛಾಯೆಯನ್ನು ಹೊಂದಿಸಲು ಹೊಸ್ತಿಲ ಪಟ್ಟಿಯ ಕೆಳಗಿನ ನೀಲಿಯನ್ನೇ ಆಧಾರವಾಗಿಡಿ. ಬಿಸಿಲಿಗೆ ಬಿದ್ದ ಜಾಗ ನಂಬಿಕೆಗೆ ಅರ್ಹವಲ್ಲ. ಬಣ್ಣ ಅಳೆಯುವ ಸ್ಪೆಕ್ಟ್ರೊಫೋಟೊಮೀಟರ್ ಓದಿದ ಸೂತ್ರ ಒಳ್ಳೆಯ ಆರಂಭ, ಆದರೆ ಅದೇ ಕೊನೆಯಲ್ಲ. ವರ್ಣದ್ರವ್ಯಗಳು ಬೇರೆಯಾದಾಗ ಹಗಲಿನಲ್ಲಿ ಒಂದೇ ಆಗಿ ಕಂಡ ಎರಡು ಬಣ್ಣಗಳು ಟ್ಯೂಬ್‌ಲೈಟಿನ ಕೆಳಗೆ ಬೇರೆಯಾಗಿ ಕಾಣಬಹುದು. ಆ ಕಾಲದ ಹಳದಿ, ಕಿತ್ತಳೆಗಳಲ್ಲಿ ಈ ತೊಂದರೆ ಹೆಚ್ಚು, ಏಕೆಂದರೆ ಅವುಗಳಲ್ಲಿ ಸೀಸದ ಕ್ರೋಮೇಟ್ ವರ್ಣದ್ರವ್ಯಗಳು ಸಾಮಾನ್ಯವಾಗಿದ್ದವು, ಈಗಿನ ಸೂತ್ರಗಳಲ್ಲಿ ಅವಕ್ಕೆ ಬದಲಿ ಬಂದಿವೆ. ಆದ್ದರಿಂದ ಬಿಸಿಲು, ನೆರಳು, ಕೃತಕ ಬೆಳಕು ಮೂರರಲ್ಲಿಯೂ ಫಲಕವನ್ನು ಹೋಲಿಸಿ ನೋಡಿ.

ಎರಡು ಎಚ್ಚರಿಕೆಗಳು. ಹಳೆಯ ಪದರಗಳಲ್ಲಿ ಸೀಸವಿರಬಹುದಾದ್ದರಿಂದ ಒಣಗಾಗಿ ಉಜ್ಜಬೇಡಿ, ಧೂಳನ್ನು ಮನೆಯೊಳಗೆ ಒಯ್ಯಬೇಡಿ. ಯೂರಿಥೇನಿನ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ, ಉಸಿರಾಟಕ್ಕೆ ಅಪಾಯಕಾರಿಯಾದ ರಾಸಾಯನಿಕ ಇರುತ್ತದೆ, ಅದಕ್ಕೆ ಹೊರಗಿನಿಂದ ಶುದ್ಧ ಗಾಳಿ ಬರುವ ಮುಖಕವಚ ಬೇಕು. ಗ್ಯಾರೇಜಿನ ಬಾಗಿಲು ತೆರೆದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡುವ ಕೆಲಸ ಇದಲ್ಲ.

ಮಿಲ್ಪಿಟಾಸ್ ಗ್ಯಾರೇಜ್:

ಎಂಜಿನ್ ಕೋಣೆಯ ಕಪ್ಪಿನ ಹೊಳಪು ಮತ್ತು ಬಾನೆಟ್ಟಿನ ಕಪ್ಪು ಪಟ್ಟಿಯ ಹೊಳಪು ಒಂದೇ ಆಗಿರಬೇಕೇ? ಅಂಗಡಿಯಲ್ಲಿ ಎರಡಕ್ಕೂ ಒಂದೇ ಡಬ್ಬಿ ಕೊಡುತ್ತಾರೆ.

ಗನ್ ಹಿಡಿದವನು:

ಒಂದೇ ಎಂದು ಊಹಿಸಿಕೊಳ್ಳಬೇಡಿ. ಎಂಜಿನ್ ಕೋಣೆಯದು ಮಂದ ಹೊಳಪಿನ ಕಪ್ಪು. ಬಾನೆಟ್ಟಿನ ಪಟ್ಟಿ ಚಾಲಕನ ಕಣ್ಣಿಗೆ ಬಿಸಿಲು ಹೊಡೆಯದಿರುವಷ್ಟು ಮಂದವಾಗಿರಬೇಕು. ಹೊಳಪನ್ನು ಬಾಯಿಮಾತಿನಲ್ಲಿ ಹೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥವಾಗುತ್ತದೆ, ಆದ್ದರಿಂದ 60 ಡಿಗ್ರಿ ಕೋನದಲ್ಲಿ ಅಳೆಯುವ ಹೊಳಪುಮಾಪಕವನ್ನು ಬಾಡಿಗೆಗೆ ತಂದು, ನಿಮ್ಮ ಕಾರಿನಲ್ಲಿ ಮುಚ್ಚಿಹೋಗಿದ್ದ ಮೂಲ ಕಪ್ಪಿನ ತುಣುಕನ್ನು ಅಳೆದು, ಆ ಅಂಕಿಗೆ ಹೊಸ ಕಪ್ಪನ್ನು ಹೊಂದಿಸಿ. ಹೊಳಪು ಮಂದಗೊಳಿಸುವ ದ್ರವ್ಯದ ಪ್ರಮಾಣದ ಮೇಲೆ ಎಷ್ಟು ಅವಲಂಬಿಸಿದೆಯೋ, ಪದರದ ದಪ್ಪ ಮತ್ತು ಒಣಗುವ ವೇಗದ ಮೇಲೂ ಅಷ್ಟೇ ಅವಲಂಬಿಸಿದೆ. ಒಂದೇ ಡಬ್ಬಿಯ ಬಣ್ಣವನ್ನು ಒದ್ದೆಯಾಗಿ ಹೊಡೆದರೆ ಒಂದು ಹೊಳಪು, ಒಣಗಾಗಿ ಹೊಡೆದರೆ ಇನ್ನೊಂದು.

ಹ್ಯಾಮ್‌ಟ್ರಾಮಕ್ ಹಾದಿ:

ಕಪ್ಪುಗಳು ಎಷ್ಟು ಬೇರೆಬೇರೆಯೆಂಬುದಕ್ಕೆ ನಮ್ಮ ಕಡೆಯ ಉದಾಹರಣೆ 1970ರ ಪ್ಲಿಮತ್ ಎಎಆರ್ ಕುಡಾ ಕಾರು. ಅದರ ಬಾನೆಟ್ ಮತ್ತು ಫೆಂಡರುಗಳ ಮೇಲ್ಭಾಗಕ್ಕೆ ಬಳಸಿದ್ದು ಆರ್ಗನೊಸಾಲ್ ಎಂಬ, ಮುಟ್ಟಿದರೆ ತುಸು ತರಿತರಿಯಾದ ಕಪ್ಪು. ಅದನ್ನು ಸಾಮಾನ್ಯ ಮಂದ ಕಪ್ಪಿನಿಂದ ತೋರಿಸಲು ಹೋದವರನ್ನು ಬಲ್ಲವರು ಮೊದಲ ನೋಟಕ್ಕೇ ಹಿಡಿಯುತ್ತಾರೆ.

ರೂಜ್ ನದಿ:

ಕೊನೆಗೆ ಓವರ್‌ಸ್ಪ್ರೇ ಹಾಕುವ ಕೈಚಳಕದ ವಿಷಯ, ಏಕೆಂದರೆ ಹೆಚ್ಚು ಕಾರುಗಳು ಸೋಲುವುದು ಇಲ್ಲಿಯೇ. ಅಡಿಭಾಗವನ್ನು ಬೂದು ಮಾಡಿ, ಟೇಪು ಅಂಟಿಸಿ, ಅಂಚಿನಲ್ಲಿ ನೀಲಿ ಪಟ್ಟಿ ಹೊಡೆಯುವವರಿದ್ದಾರೆ. ಅದು ಸೀರೆಯ ಅಂಚಾಗುತ್ತದೆ, ಓವರ್‌ಸ್ಪ್ರೇ ಆಗುವುದಿಲ್ಲ. ಕಾರ್ಖಾನೆಯವನು ಅಡಿಭಾಗಕ್ಕೆ ನೀಲಿ ಹೊಡೆಯಬೇಕೆಂದು ಹೊಡೆದದ್ದಲ್ಲ. ಅವನು ಬಾಗಿಲ ಕೆಳಗಿನ ರಾಕರ್ ಭಾಗಕ್ಕೆ ಬಣ್ಣ ಸರಿಯಾಗಿ ಬೀಳಲೆಂದು ಗನ್ನನ್ನು ಕೆಳಗಿನಿಂದ ಓರೆಯಾಗಿ ಹಿಡಿದ, ಉಳಿದದ್ದು ಒಳಕ್ಕೆ ಹಾರಿತು. ಆದ್ದರಿಂದ ನೀವೂ ದೇಹವನ್ನು ಕಾರ್ಖಾನೆಯ ಬಂಡಿಯ ಎತ್ತರಕ್ಕೆ ಸುಮಾರಾಗಿ ಏರಿಸಿ, ಅಡಿಯಲ್ಲಿ ಏನನ್ನೂ ಮುಚ್ಚದೆ, ಅವನು ನಿಂತಲ್ಲಿ ನಿಂತು ರಾಕರನ್ನು ಮಾತ್ರ ಗುರಿಯಿಟ್ಟು ಹೊಡೆಯಿರಿ. ಅಡಿಭಾಗದಲ್ಲಿ ಆಗಬೇಕಾದದ್ದು ತಾನಾಗಿಯೇ ಆಗುತ್ತದೆ. ಆಮೇಲೆ ನೀವು ತೆಗೆದ ಹಳೆಯ ಚಿತ್ರಗಳ ಜೊತೆ ಹೋಲಿಸಿ, ಕಡಿಮೆಯಾದಲ್ಲಿ ಮಾತ್ರ ಇನ್ನೊಂದು ಸಲ ಕೈಯಾಡಿಸಿ.

ಇದಕ್ಕೆ ಒಂದು ಷರತ್ತಿದೆ. ಬೂದು ಬಣ್ಣ, ಸೀಲರ್, ಚಕ್ರದ ಗೂಡಿನ ಲೇಪ ಇವೆಲ್ಲ ಮೈಬಣ್ಣಕ್ಕಿಂತ ಮೊದಲೇ ಮುಗಿದಿರಬೇಕು. ಸಸ್ಪೆನ್ಷನ್, ಇಂಧನ ಟ್ಯಾಂಕ್, ಬ್ರೇಕ್ ಕೊಳವೆ ಒಂದೂ ಇನ್ನೂ ಕೂತಿರಬಾರದು. ನಿಮ್ಮ ಕಾರಿನ ಪುರಾವೆಯ ಪ್ರಕಾರ ಎಂಜಿನ್ ಕೋಣೆಯ ಕಪ್ಪು ನೀಲಿಯಾದ ಮೇಲೆ ಬರಬೇಕು, ಕೌಲ್ ಅಂಚಿನ ಮೇಲೆ ಅದರ ತುಂತುರು ಬೀಳಬೇಕು. ಈಗಿನ ಪೇಂಟ್ ಅಂಗಡಿಗಳು ತಮಗೆ ಅನುಕೂಲವಾದ ಕ್ರಮದಲ್ಲಿ ಕೆಲಸ ಮಾಡುತ್ತವೆ, ಆದ್ದರಿಂದ ದರ ಮಾತಾಡುವಾಗಲೇ ಈ ಕ್ರಮವನ್ನು ಕಾಗದದಲ್ಲಿ ಬರೆದು ಕೊಡಿ.

ಬಣ್ಣವಿಲ್ಲದ ಭಾಗಗಳನ್ನೂ ಮರೆಯಬೇಡಿ. ಬಾನೆಟ್ಟಿನ ಕೀಲುಗಳು ಮತ್ತು ಅನೇಕ ಬೋಲ್ಟುಗಳು ಫಾಸ್ಫೇಟ್ ಲೇಪದವು. ಸತುವಿನ ಫಾಸ್ಫೇಟ್ ಬೂದಾಗಿಯೂ, ಮ್ಯಾಂಗನೀಸಿನದು ಹೆಚ್ಚು ಕಪ್ಪಾಗಿಯೂ ಕಾಣುತ್ತದೆ. ಡಬ್ಬಿಯ ಬೂದು ಬಣ್ಣ ಇವೆರಡರ ಹರಳುಹರಳಾದ ನೋಟವನ್ನು ಕೊಡಲಾರದು. ಲೇಪದ ನಂತರ ತೆಳುವಾಗಿ ಎಣ್ಣೆ ಸವರದಿದ್ದರೆ ತುಕ್ಕು ಬೇಗ ಹಿಡಿಯುತ್ತದೆ.

ಮಿಲ್ಪಿಟಾಸ್ ಗ್ಯಾರೇಜ್:

ಕ್ರಮವನ್ನು ಬರೆದುಕೊಂಡಿದ್ದೇನೆ: ಎಪಾಕ್ಸಿ, ಪ್ರೈಮರ್, ಸೀಲರ್, ಅಡಿಭಾಗದ ಹಸಿರುಬೂದು, ಚಕ್ರದ ಗೂಡಿನ ಲೇಪ, ನೀಲಿ, ಎಂಜಿನ್ ಕೋಣೆಯ ಕಪ್ಪು, ಬಾನೆಟ್ಟಿನ ಪಟ್ಟಿ. ಹಿಂಬದಿಯ ನೆಲದಲ್ಲಿ ಮೂಲ ಬೂದು ಮತ್ತು ಅದರ ಮೇಲಿನ ನೀಲಿ ಮಂಜು ಇನ್ನೂ ಗಟ್ಟಿಯಾಗಿರುವ ಭಾಗವನ್ನು ಮುಟ್ಟದೆ ಹಾಗೆಯೇ ಉಳಿಸಿಕೊಂಡು, ಹೊಸ ಬಣ್ಣವನ್ನು ಅದರ ಅಂಚಿಗೆ ಕೂಡಿಸಬೇಕೆಂದಿದ್ದೇನೆ. ಟ್ಯಾಂಕ್ ಕೂತ ಮೇಲೆ ಅದು ಕಾಣುವುದಿಲ್ಲ, ಆದರೂ ಮುಂದೆ ಈ ಕಾರನ್ನು ಬಿಚ್ಚುವವರಿಗೆ ಹೋಲಿಕೆಗೆ ಒಂದು ಆಧಾರ ಬೇಕಲ್ಲ.

ಸ್ಟೀರಿಂಗ್ ಕೊಂಡಿಯ ಮೇಲೆ ಗ್ರೀಸಿನ ಕೆಳಗೆ ಒಂದು ಹಳದಿ ಗೀರು ಮಾತ್ರ ಸಿಕ್ಕಿತು. ಒಂದೇ ಒಂದು ಹಾಕುತ್ತೇನೆ.

ಹ್ಯಾಮ್‌ಟ್ರಾಮಕ್ ಹಾದಿ:

ಸಾಕು. ಕುಂಚವನ್ನು ಎಡಗೈಯಲ್ಲಿ ಹಿಡಿದು ಹಾಕಿ, ದುಂಡಗಾಗುವುದಿಲ್ಲ.